ರಸೀದಿಯಲ್ಲಿ ಇಲ್ಲದ ಸಾಲು

ಕಾಲೇಜಿನ ಫೀಸಿನ ರಸೀದಿಯನ್ನು ಎಂದಾದರೂ ನಿಧಾನವಾಗಿ ಓದಿದ್ದೀರಾ? ಬೋಧನಾ ಶುಲ್ಕ ಇಷ್ಟು, ಪ್ರಯೋಗಾಲಯ ಶುಲ್ಕ ಇಷ್ಟು, ಲೈಬ್ರರಿಗೆ, ಆಟೋಟಕ್ಕೆ, ಗುರುತಿನ ಚೀಟಿಗೆ, ವಾರ್ಷಿಕ ಸಂಚಿಕೆಗೆ, ಕೊನೆಯಲ್ಲಿ 'ಅಭಿವೃದ್ಧಿ'ಗೆ ಇಷ್ಟು. ಇಪ್ಪತ್ತು ರೂಪಾಯಿಯ ಬಾಬತ್ತಿಗೂ ಅಲ್ಲಿ ಒಂದು ಸಾಲು ಇರುತ್ತದೆ. ಇಲ್ಲದಿರುವುದು ಒಂದೇ ಅಂಕಿ. ಈ ಹುಡುಗಿಯನ್ನು ಒಂದು ವರ್ಷ ಓದಿಸಲು ಕಾಲೇಜಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದು ಅಲ್ಲಿ ಬರೆದಿರುವುದಿಲ್ಲ. ಕಟ್ಟುವ ಅಪ್ಪ ಕೇಳುವುದಿಲ್ಲ, ಕಟ್ಟಿಸಿಕೊಳ್ಳುವ ಗುಮಾಸ್ತರಿಗೂ ಗೊತ್ತಿರುವುದಿಲ್ಲ.

ಆ ಅಂಕಿಯೂ ಫೀಸೂ ಒಂದೇ ಆಗಿರುವುದು ತೀರ ಅಪರೂಪ. ಕೆಲವು ಕಡೆ ಫೀಸು ಖರ್ಚಿಗಿಂತ ಬಹಳ ಕಡಿಮೆ, ಕೆಲವು ಕಡೆ ಖರ್ಚಿಗಿಂತ ಜಾಸ್ತಿ. ಅಮೆರಿಕದ ವಿಲಿಯಮ್ಸ್ ಕಾಲೇಜಿನ ಅರ್ಥಶಾಸ್ತ್ರಜ್ಞ ಗಾರ್ಡನ್ ವಿನ್‌ಸ್ಟನ್ 1990ರ ದಶಕದಲ್ಲಿ ಇದೇ ಲೆಕ್ಕವನ್ನು ಹಿಡಿದು ಕೂತಿದ್ದರು. ಆಗ ಅಲ್ಲಿನ ಸರಾಸರಿ ಕಾಲೇಜು ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಸುಮಾರು 12,000 ಡಾಲರ್ ಖರ್ಚು ಮಾಡಿ, ಸುಮಾರು 4,000 ಡಾಲರ್ ವಸೂಲು ಮಾಡುತ್ತಿತ್ತು. ಯಾವ ಅಂಗಡಿಯೂ ಹನ್ನೆರಡು ರೂಪಾಯಿಯ ಮಾಲನ್ನು ನಾಲ್ಕಕ್ಕೆ ಮಾರಿ ಬಾಳುವುದಿಲ್ಲ. ಕಾಲೇಜು ಬಾಳುತ್ತದೆ, ಏಕೆಂದರೆ ಉಳಿದ ಎಂಟನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಸರ್ಕಾರ ಕೊಟ್ಟಿರಬಹುದು, ಎಂದೋ ಸತ್ತುಹೋದ ದಾನಿ ಇಟ್ಟುಹೋದ ಗಂಟಿನ ಬಡ್ಡಿ ಇರಬಹುದು. ವಿನ್‌ಸ್ಟನ್ ತೋರಿಸಿದ ಇನ್ನೊಂದು ಸಂಗತಿ ಇನ್ನೂ ಮುಖ್ಯ. ಎಲ್ಲರಿಗಿಂತ ದೊಡ್ಡ ರಿಯಾಯಿತಿ ಸಿಗುವುದು ಎಲ್ಲರಿಗಿಂತ ಹೆಸರುವಾಸಿಯಾದ ಕಾಲೇಜಿನ ವಿದ್ಯಾರ್ಥಿಗೆ. ಅವನ ಫೀಸು ನೋಡಿ ಊರೆಲ್ಲ ಬೆರಗಾಗುತ್ತದೆ. ಅವನ ಮೇಲೆ ಕಾಲೇಜು ಸುರಿಯುವ ದುಡ್ಡು ಆ ಫೀಸನ್ನೂ ಮೀರಿರುತ್ತದೆ.

ಕನ್ನಡಕ್ಕೆ ಈ ವಿಚಾರ ಮೊದಲೇ ಗೊತ್ತಿತ್ತೇನೋ ಎನ್ನಿಸುವಂತೆ ಒಂದು ಪದ ಇದೆ. ಸಂಸ್ಕೃತದ 'ಶುಲ್ಕ'ದ ತದ್ಭವವೇ ನಮ್ಮ 'ಸುಂಕ'. ಸುಂಕ ಅಂದರೆ ಕಟ್ಟೆಯಲ್ಲಿ ನಿಂತು ಕೊಡುವ ಹಣ. ರಸ್ತೆ ಹಾಕಲು ಎಷ್ಟು ಖರ್ಚಾಯಿತು ಎಂಬುದಕ್ಕೂ ಸುಂಕದ ದರಕ್ಕೂ ನೇರ ಸಂಬಂಧವಿಲ್ಲ, ಗೇಟು ದಾಟಬೇಕಾದರೆ ಕೊಡಬೇಕು ಅಷ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂಬ ಗಾದೆಯೂ ಅಲ್ಲಿಂದಲೇ ಬಂತು. ಫೀಸಿನ ಕೌಂಟರಿನ ಮುಂದೆ ನಿಂತ ಯಾವ ತಂದೆತಾಯಿಗೂ ಆ ಗಾದೆಯನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಫೀಸು ಎಷ್ಟು ಎಂಬುದೊಂದೇ ಅಲ್ಲ. ಫೀಸಿಗೂ ಖರ್ಚಿಗೂ ನಡುವಿನ ಕಂದಕವನ್ನು ಯಾರು ತುಂಬುತ್ತಿದ್ದಾರೆ? ತುಂಬುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿದೆಯೇ?

ಸರ್ಕಾರ ತುಂಬುವ ಕಡೆ ಉತ್ತರ ಸುಲಭ ಎನ್ನಿಸುತ್ತದೆ. ಐಐಟಿಗಳಲ್ಲಿ ಬಿ.ಟೆಕ್. ಬೋಧನಾ ಶುಲ್ಕ 2013ರಲ್ಲಿ ವರ್ಷಕ್ಕೆ 50,000ದಿಂದ 90,000 ರೂಪಾಯಿಗೆ ಏರಿತು, 2016ರಲ್ಲಿ 2 ಲಕ್ಷವಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ತೀರ ಬಡ ಮನೆಯವರಿಗೆ ಪೂರ್ತಿ ಮಾಫಿ. ವರ್ಷಕ್ಕೆ 5 ಲಕ್ಷದೊಳಗಿನ ಆದಾಯದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ. ಏರಿಸಿದ ಮೇಲೂ ಈ ಫೀಸು ನಿಜವಾದ ಖರ್ಚಿನ ಅರ್ಧಕ್ಕೂ ಕಡಿಮೆ ಎಂಬುದು ಸರ್ಕಾರದ ವಾದವಾಗಿತ್ತು. ಅಂದರೆ ಪೂರ್ತಿ ಫೀಸು ಕಟ್ಟುವ ಶ್ರೀಮಂತರ ಮಗನಿಗೂ ವರ್ಷಕ್ಕೆ ಲಕ್ಷಗಟ್ಟಲೆ ಸಾರ್ವಜನಿಕ ಹಣ ಹೋಗುತ್ತದೆ.

2019ರ ನವೆಂಬರ್‌ನಲ್ಲಿ ದೆಹಲಿಯ ಜೆಎನ್‌ಯು ಹಾಸ್ಟೆಲ್ ಬಾಡಿಗೆಯನ್ನು ಏರಿಸಲು ಹೊರಟಾಗ ದೇಶವೆಲ್ಲ ಒಂದು ಅಂಕಿಯನ್ನು ಬಾಯಿಪಾಠ ಮಾಡಿತು. ಇಬ್ಬರ ಕೋಣೆಗೆ ತಿಂಗಳಿಗೆ 10 ರೂಪಾಯಿ, ಒಬ್ಬರ ಕೋಣೆಗೆ 20. ಅದನ್ನು 300 ಮತ್ತು 600 ಮಾಡಬೇಕೆಂಬುದು ಪ್ರಸ್ತಾಪ. ವಿದ್ಯಾರ್ಥಿಗಳು ಬೀದಿಗಿಳಿದರು. 'ತೆರಿಗೆದಾರರ ದುಡ್ಡು' ಎಂಬ ಮಾತು ಟಿವಿಯಲ್ಲೂ ವಾಟ್ಸಾಪ್‌ನಲ್ಲೂ ವಾರಗಟ್ಟಲೆ ಓಡಾಡಿತು. ಹತ್ತು ರೂಪಾಯಿ ಬಾಡಿಗೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಗಮನಿಸಬೇಕಾದದ್ದು, ಆ ಮಾತು ಯಾರ ಕಡೆಗೆ ಹಾರಿತು ಎಂಬುದನ್ನು. ತೆರಿಗೆದಾರರ ದುಡ್ಡಿನಲ್ಲಿ ಓದಿದವನು ಎಂದು ಐಐಟಿಯ ಹುಡುಗನನ್ನು ಯಾರೂ ಮದುವೆಮನೆಯಲ್ಲಿ ಹಂಗಿಸುವುದಿಲ್ಲ. ಅವನು ತಂದದ್ದು ರ‍್ಯಾಂಕು, ಪಡೆದದ್ದು ಹಕ್ಕು. ಇತಿಹಾಸವನ್ನೋ ಭಾಷೆಯನ್ನೋ ಓದುವವಳು ಪಡೆದದ್ದು ಮಾತ್ರ ಭಿಕ್ಷೆ. ಕಂದಕ ಎರಡೂ ಕಡೆ ಇದ್ದರೂ ಋಣದ ಮಾತು ಬರುವುದು ಒಂದೇ ಕಡೆ.

ಇದು ಸರ್ಕಾರದ ಬೊಕ್ಕಸ ಇರುವ ಕಡೆಯ ಕಥೆ. ಬೊಕ್ಕಸವೂ ಇಲ್ಲದೆ, ದಾನಿಯ ಗಂಟೂ ಇಲ್ಲದೆ ಕಾಲೇಜು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶಕ್ಕೆ ಮೊದಲು ತೋರಿಸಿದ್ದು ಕರ್ನಾಟಕ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭಿಸಿದರು. ಮುಂದಿನ ಮೂರು ದಶಕಗಳಲ್ಲಿ ರಾಜ್ಯದ ಜಿಲ್ಲೆಜಿಲ್ಲೆಗೂ ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ಬಂದವು. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದರ ಪ್ರತಿಧ್ವನಿ ಚೆನ್ನಾಗಿ ಗೊತ್ತು. ದೆಹಲಿಯಲ್ಲೋ ಮುಂಬೈಯಲ್ಲೋ ಕರ್ನಾಟಕದವರು ಎಂದರೆ ಸಾಕು, ಎದುರಿನವರ ಅಣ್ಣನ ಮಗನೋ ಅಕ್ಕನ ಮಗಳೋ ಅಲ್ಲಿ 'ಡೊನೇಷನ್' ಕೊಟ್ಟು ಓದಿದ ವಿಷಯ ಹೊರಬರುತ್ತದೆ.

ಡೊನೇಷನ್ ಎಂದರೆ ದೇಣಿಗೆ. ಕೊಡದಿದ್ದರೆ ಸೀಟು ಸಿಗದ ದೇಣಿಗೆ. ಕಾನೂನು ಅದನ್ನು ಕರೆಯುವುದು ಕ್ಯಾಪಿಟೇಷನ್ ಎಂದು. ಲ್ಯಾಟಿನ್‌ನಲ್ಲಿ 'ಕಾಪುಟ್' ಎಂದರೆ ತಲೆ. ಕ್ಯಾಪಿಟೇಷನ್ ಎಂದರೆ ತಲೆಗಂದಾಯ. ಈ ಒಂದು ವಿಷಯದಲ್ಲಿ ಕಾನೂನಿನ ಭಾಷೆ ಜನರ ಭಾಷೆಗಿಂತ ಪ್ರಾಮಾಣಿಕವಾಗಿತ್ತು.

ಕ್ಯಾಪಿಟೇಷನ್ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ತಂದಿತು. ಅದೇ ಕಾಯ್ದೆಯ ಅಡಿಯಲ್ಲಿ 1989ರ ಜೂನ್‌ನಲ್ಲಿ ಒಂದು ಅಧಿಸೂಚನೆ ಹೊರಟಿತು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಒಂದೇ ಬೆಂಚು, ಒಂದೇ ಪಾಠ, ಮೂರು ದರ.

ಉತ್ತರ ಪ್ರದೇಶದ ಮೀರತ್‌ನಿಂದ ಒಬ್ಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಮೊದಲ ವರ್ಷಕ್ಕೆ 60,000 ಕಟ್ಟಿ, ಮುಂದಿನ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದು ಉತ್ತರ ಬಂತು. ಅಷ್ಟು ಕೊಡುವ ಶಕ್ತಿ ಇಲ್ಲ ಎಂದರು ತಂದೆ. ಸೀಟು ಹೋಯಿತು. ಇದರ ಮೇಲೆ ನಾಲ್ಕೂವರೆ ಲಕ್ಷ ಕೇಳಿದರು ಎಂದು ಅವಳ ಆರೋಪ, ಕೇಳಿಲ್ಲ ಎಂದು ಆಡಳಿತ ಮಂಡಳಿ. 1992ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮೋಹಿನಿ ಜೈನ್ ತೀರ್ಪು ಕ್ಯಾಪಿಟೇಷನ್ ಸಂವಿಧಾನಬಾಹಿರ ಎಂದಿತು. ಸರ್ಕಾರಿ ಸೀಟಿನ ಫೀಸಿಗಿಂತ ಹೆಚ್ಚಿನದನ್ನು ಬೋಧನಾ ಶುಲ್ಕ ಎಂದು ಕರೆದರೂ ಅದು ಕ್ಯಾಪಿಟೇಷನ್ನೇ ಎಂದಿತು. ಶಿಕ್ಷಣ ಪ್ರತಿ ನಾಗರಿಕನ ಹಕ್ಕು ಎಂದಿತು. ಅರ್ಜಿದಾರಳಿಗೆ ಮಾತ್ರ ಸೀಟು ಕೊಡಿಸಲಿಲ್ಲ. ಅವಳ ಆಯ್ಕೆ ಮೆರಿಟ್ ಮೇಲೆ ಆದದ್ದಲ್ಲ, ಕೋರ್ಸು ಆಗಲೇ ಶುರುವಾಗಿದೆ ಎಂಬುದು ಕಾರಣ. ದೇಶಕ್ಕೆ ಹಕ್ಕು ಸಿಕ್ಕಿತು, ಕೇಳಿದವಳಿಗೆ ಕಾಲೇಜು ಸಿಗಲಿಲ್ಲ.

ಆ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳ ಪರವಾಗಿ ಕೋರ್ಟಿನ ಮುಂದಿಟ್ಟ ಒಂದು ಲೆಕ್ಕ ಇದೆ. ರಸೀದಿಯಲ್ಲಿ ಇಲ್ಲದ ಆ ಸಾಲು ಹೊರಗೆ ಬಂದ ಅಪರೂಪದ ಗಳಿಗೆ ಅದು. ಐದು ವರ್ಷದ ಎಂಬಿಬಿಎಸ್‌ಗೆ ಒಬ್ಬ ವಿದ್ಯಾರ್ಥಿಯ ಮೇಲೆ ಸುಮಾರು 5 ಲಕ್ಷ ಖರ್ಚು. ನೂರರಲ್ಲಿ ನಲವತ್ತು ಸೀಟು ಸರ್ಕಾರಕ್ಕೆ, ಅವರು ಕೊಡುವುದು ವರ್ಷಕ್ಕೆ 2,000. ಉಳಿದ ಹೊರೆಯನ್ನು ಮಿಕ್ಕ ಅರವತ್ತು ಮಂದಿಯೇ ಹೊರಬೇಕು ಎಂಬುದು ವಾದ.

ಪೆನ್ನು ಹಿಡಿದು ಕೂತರೆ ಐದು ನಿಮಿಷದ ಕೆಲಸ. ನೂರು ವಿದ್ಯಾರ್ಥಿಗಳ ತರಗತಿ ಎಂದುಕೊಳ್ಳಿ. ತಲೆಗೆ ವರ್ಷಕ್ಕೆ 1 ಲಕ್ಷದಂತೆ ಖರ್ಚು 1 ಕೋಟಿ. ನಲವತ್ತು ಸರ್ಕಾರಿ ಸೀಟಿನಿಂದ ಬರುವುದು 80 ಸಾವಿರ. ಉಳಿದ ಅರವತ್ತೂ ಮಂದಿ ಹೊರರಾಜ್ಯದವರೇ ಆಗಿ, ಎಲ್ಲರೂ ಗರಿಷ್ಠ ದರವನ್ನೇ ಕಟ್ಟಿದರು ಎಂದರೂ 36 ಲಕ್ಷ. ಒಟ್ಟು 36 ಲಕ್ಷದ 80 ಸಾವಿರ. ಇನ್ನೂ 63 ಲಕ್ಷದ 20 ಸಾವಿರ ಬೇಕು. ಖರ್ಚಿನ ಲೆಕ್ಕ ನಿಜವಾಗಿದ್ದರೆ ಅಷ್ಟು ಹಣ ಪ್ರತಿ ವರ್ಷ ಬೇರೆಲ್ಲಿಂದಲೋ ಬರಬೇಕಿತ್ತು. ಸ್ವಲ್ಪ ಆಸ್ಪತ್ರೆಯ ಆದಾಯದಿಂದ ಬಂದಿರಬಹುದು. ಲೆಕ್ಕವೇ ಉಬ್ಬಿಸಿದ್ದಾಗಿದ್ದರೆ ಅರವತ್ತು ಮಂದಿ ಯಾರ ಹೊರೆಯನ್ನು ಹೊತ್ತರು ಎಂಬುದೇ ತಿಳಿಯುವುದಿಲ್ಲ. ಎರಡರಲ್ಲಿ ಯಾವುದು ಸತ್ಯವಾದರೂ ಡೊನೇಷನ್ ಎಂಬ ರಸೀದಿಯಿಲ್ಲದ ಹಣಕ್ಕೆ ಜಾಗ ಇದ್ದದ್ದು ಆ ಕತ್ತಲೆಯಲ್ಲೇ. ನಿಜವಾದ ಖರ್ಚು ಎಷ್ಟೆಂದು ಯಾರೂ ಬಾಯಿಬಿಡದ ಕಡೆ ಎಷ್ಟು ಬೇಕಾದರೂ ಕೇಳಬಹುದು.

ಮುಂದಿನ ವರ್ಷವೇ, 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ, ಕೋರ್ಟು ಒಂದು ಹೊಸ ವ್ಯವಸ್ಥೆ ಹಾಕಿಕೊಟ್ಟಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧ 'ಫ್ರೀ ಸೀಟು', ಅರ್ಧ 'ಪೇಮೆಂಟ್ ಸೀಟು'. ಎರಡಕ್ಕೂ ಮೆರಿಟ್ ಮೇಲೆಯೇ ಆಯ್ಕೆ. ಪೇಮೆಂಟ್ ಸೀಟಿನವರು ಹೆಚ್ಚು ಕಟ್ಟಬೇಕು, ಅದರಿಂದ ಫ್ರೀ ಸೀಟಿನವರ ಖರ್ಚು ಹೊರಡಬೇಕು. ಸಿಇಟಿ ಬರೆದ ಒಂದು ಇಡೀ ತಲೆಮಾರು ಈ ಎರಡು ಶಬ್ದಗಳ ನಡುವೆ ಬೆಳೆಯಿತು. ರ‍್ಯಾಂಕು ನೋಡಿ ಬಂದ ನೆಂಟರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ 'ಫ್ರೀನೋ ಪೇಮೆಂಟೋ?' ಎಂದು.

ಆ ಕಾಲದಲ್ಲಿ ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಒಂದೇ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ವರ್ಷ ಕಳೆದ ಇಬ್ಬರು ಗೆಳತಿಯರು ಈಗ ಪುಣೆಯಲ್ಲಿದ್ದಾರೆ. ಒಬ್ಬಳು ಬೆಂಗಳೂರಿನ ಬ್ಯಾಂಕ್ ಅಧಿಕಾರಿಯ ಮಗಳು. ಇಂಗ್ಲಿಷ್ ಮೀಡಿಯಂ, ಎರಡು ವರ್ಷ ಟ್ಯೂಷನ್, ಫ್ರೀ ಸೀಟು. ಇನ್ನೊಬ್ಬಳು ಕೊಪ್ಪಳದ ಕಡೆಯವಳು. ತಂದೆಯದು ಸಣ್ಣ ಕಿರಾಣಿ ಅಂಗಡಿ, ಹತ್ತನೇ ತರಗತಿಯವರೆಗೆ ಕನ್ನಡ ಶಾಲೆ, ಪೇಮೆಂಟ್ ಸೀಟು. ಕಟ್ಟಲು ತಾಯಿಯ ಬಂಗಾರ ಹೋಯಿತು, ಆಮೇಲೆ ಊರ ಪಕ್ಕದ ಎರಡು ಎಕರೆ ಹೋಯಿತು. ಓದುವಾಗ ಇಬ್ಬರ ನಡುವೆ ಈ ಮಾತು ಬಂದದ್ದೇ ಇಲ್ಲ. ಬಂದದ್ದು ಮೊನ್ನೆ ಮೊನ್ನೆ, ಇಬ್ಬರ ಮಕ್ಕಳೂ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿನಲ್ಲಿ. ಕೊಪ್ಪಳದವಳು ನಗುತ್ತಲೇ ಹೇಳಿದಳು: "ನಿನ್ನ ಡಿಗ್ರಿಯೊಳಗ ಅರ್ಧ ನಮ್ಮಪ್ಪನ ಅಂಗಡೀದು ನೋಡ ಲೇ."

ಬೆಂಗಳೂರಿನವಳೂ ನಕ್ಕಳು. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಸಂಕ್ರಾಂತಿಗೆ ಗೆಳತಿಯ ತಂದೆ ಪುಣೆಗೆ ಬಂದಾಗ, ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಹೋಗಿ, ತಡವರಿಸುತ್ತ ವಿಷಯ ತೆಗೆದಳು. "ಅಂಕಲ್, ಒಂದು ಲೆಕ್ಕದಲ್ಲಿ ನನ್ನ ಫೀಸೂ ನೀವೇ ಕಟ್ಟಿದ್ದು" ಎಂದಳು. ಮುದುಕರಿಗೆ ಮೊದಲು ಅರ್ಥವಾಗಲಿಲ್ಲ. ಮಗಳು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಇಲ್ಲವ್ವಾ. ನಾ ಯಾರ ಫೀಸೂ ಕಟ್ಟಿಲ್ಲ. ನನ್ನ ಮಗಳದು ಕಟ್ಟೀನಿ. ಅದರಾಗ ಅವರು ಏನು ಮಾಡಿಕೊಂಡರೋ ನನಗೇನು ಗೊತ್ತು? ಗೊತ್ತಿದ್ದರ ಒಂದು ಮಾತು ಕೇಳತಿದ್ದೆ."

ಏನು ಕೇಳುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರೆ ಕೃತಜ್ಞತೆಯನ್ನು ಅವರು ಸ್ವೀಕರಿಸಲೂ ಇಲ್ಲ. ಕೊಟ್ಟವನಿಗೆ ಕೊಟ್ಟದ್ದೇ ಗೊತ್ತಿಲ್ಲದಿದ್ದರೆ ಅದನ್ನು ದಾನ ಎನ್ನಲಾಗದು. ಪಡೆದವಳಿಗೆ ಪಡೆದದ್ದು ಗೊತ್ತಿಲ್ಲದಿದ್ದರೆ ಋಣವೂ ಹುಟ್ಟುವುದಿಲ್ಲ. ಇಬ್ಬರ ನಡುವೆ ನಿಂತ ಕಾಲೇಜು ಎರಡನ್ನೂ ಬರೆದುಕೊಳ್ಳದೆ ಮುಂದೆ ಹೋಯಿತು.

ಈ ಇಬ್ಬರ ಕಥೆ ಒಂಟಿ ಕಥೆಯಲ್ಲ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಉನ್ನಿಕೃಷ್ಣನ್ ವ್ಯವಸ್ಥೆಯನ್ನು ಕೈಬಿಟ್ಟಾಗ ಇದನ್ನೇ ಗುರುತಿಸಿತು. ಒಳ್ಳೆಯ ಶಾಲೆ, ಕೋಚಿಂಗ್ ಎಲ್ಲ ಸಿಕ್ಕ ಸ್ಥಿತಿವಂತರ ಮಕ್ಕಳು ಹೆಚ್ಚು ಅಂಕ ತೆಗೆದು ಫ್ರೀ ಸೀಟು ಹಿಡಿಯುತ್ತಿದ್ದರು. ಅಷ್ಟು ಅನುಕೂಲವಿಲ್ಲದ ಮನೆಯವರು ಹೆಚ್ಚು ದುಡ್ಡು ಕೊಟ್ಟು ಪೇಮೆಂಟ್ ಸೀಟು ಹಿಡಿಯುತ್ತಿದ್ದರು. ಉಳ್ಳವರಿಂದ ಇಲ್ಲದವರಿಗೆ ಹರಿಯಲಿ ಎಂದು ತೋಡಿದ ಕಾಲುವೆಯಲ್ಲಿ ನೀರು ಹಿಂದಕ್ಕೆ ಹರಿದಿತ್ತು. ಕಾಲೇಜು ತನ್ನ ಫೀಸನ್ನು ತಾನೇ ನಿರ್ಧರಿಸಬಹುದು, ಮುಂದಿನ ಬೆಳವಣಿಗೆಗೆ ಒಂದಿಷ್ಟು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್ ಕೂಡದು ಎಂದು ಪೀಠ ಹೇಳಿತು. ಮರುವರ್ಷ ಕರ್ನಾಟಕದಿಂದಲೇ ಹೋದ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ, ಫೀಸನ್ನು ಪರಿಶೀಲಿಸಲು ಪ್ರತಿ ರಾಜ್ಯದಲ್ಲೂ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದ ಸಮಿತಿ ಇರಲಿ ಎಂದಾಯಿತು. ಕಾಲೇಜುಗಳು ಸಮಿತಿಗೆ ಲೆಕ್ಕ ಒಪ್ಪಿಸಬೇಕು. ಫೀಸು ಕಟ್ಟುವವನ ಕೈಗೆ ಬರುವುದು ಆಗಲೂ ಈಗಲೂ ಅದೇ ರಸೀದಿ.

ಕಂದಕ ತುಂಬುವವರ ಪಟ್ಟಿಯಲ್ಲಿ ಇನ್ನೂ ಒಬ್ಬರಿದ್ದಾರೆ. ಪುಣೆಯ ಓದುಗರು ಫರ್ಗ್ಯುಸನ್ ಕಾಲೇಜಿನ ಮುಂದೆ ದಿನಾ ಓಡಾಡುತ್ತಾರೆ. 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಷನ್ ಸೊಸೈಟಿ ಮರುವರ್ಷ ಆರಂಭಿಸಿದ ಆ ಕಾಲೇಜಿನ ಆಜೀವ ಸದಸ್ಯರು, ಗೋಪಾಲಕೃಷ್ಣ ಗೋಖಲೆಯವರೂ ಸೇರಿ, ಇಪ್ಪತ್ತು ವರ್ಷ ಕಡಿಮೆ ಸಂಬಳಕ್ಕೆ ಪಾಠ ಹೇಳುವ ಪ್ರತಿಜ್ಞೆ ಮಾಡಿದ್ದರು. ಅಲ್ಲಿ ಕಂದಕ ತುಂಬಿದವರು ಮೇಷ್ಟ್ರುಗಳು. ತಿಳಿದು, ಒಪ್ಪಿ, ಹೆಸರು ಹಾಕಿ ತುಂಬಿದರು. ಇವತ್ತು ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಅದೇ ಕೆಲಸವನ್ನು ಪ್ರತಿಜ್ಞೆಯಿಲ್ಲದೆ ಮಾಡುತ್ತಿದ್ದಾರೆ. 2022ರ ಜನವರಿಯಲ್ಲಿ ಗೌರವಧನ ಏರುವ ಮುಂಚೆ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ಎಂ.ಎ., ನೆಟ್, ಕೆಲವರಿಗೆ ಪಿಎಚ್.ಡಿ., ಹತ್ತು ಹದಿನೈದು ವರ್ಷದ ಸೇವೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಬಿ.ಎ. ವಿದ್ಯಾರ್ಥಿನಿಯ ಫೀಸು ಕಡಿಮೆ ಇರುವುದಕ್ಕೆ ಸರ್ಕಾರಕ್ಕೆ ವಂದನೆ ಹೇಳುತ್ತೇವೆ. ಅದರಲ್ಲಿ ಒಂದು ಪಾಲು ಎದುರಿಗೆ ಸೀಮೆಸುಣ್ಣ ಹಿಡಿದು ನಿಂತವರ ಮನೆಯಿಂದ ಬಂದದ್ದು.

ತಲಾ ಖರ್ಚು ಎಂಬ ಅಂಕಿಯೂ ಮುಗ್ಧವಾದದ್ದಲ್ಲ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಖರ್ಚನ್ನು ವಿದ್ಯಾರ್ಥಿಯ ತಲೆಗೆ ಹಾಕಬಹುದು, ಹಾಕದಿರಬಹುದು. ಸಂಶೋಧನೆಯ ಲ್ಯಾಬು ಬಿ.ಟೆಕ್. ಹುಡುಗನ ಖರ್ಚೋ ದೇಶದ ಖರ್ಚೋ? ಇನ್ನೂ ವಿಚಿತ್ರವೆಂದರೆ, ಖರ್ಚು ಒಂದು ರೂಪಾಯಿ ಏರದಿದ್ದರೂ ತಲಾ ಖರ್ಚು ಏರಬಹುದು. ಕನ್ನಡ ಐಚ್ಛಿಕ ತರಗತಿಯಲ್ಲಿ ಅರವತ್ತು ಮಂದಿ ಇದ್ದಾಗ ಇದ್ದ ಒಬ್ಬ ಮೇಷ್ಟ್ರ ಸಂಬಳವನ್ನು ಹದಿನೈದು ಮಂದಿಗೆ ಹಂಚಿದರೆ ಪ್ರತಿಯೊಬ್ಬರೂ ನಾಲ್ಕು ಪಟ್ಟು 'ದುಬಾರಿ'ಯಾಗುತ್ತಾರೆ. ಆಮೇಲೆ ಆ ಅಂಕಿಯನ್ನೇ ತೋರಿಸಿ ವಿಭಾಗ ಮುಚ್ಚಬಹುದು. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೂ ಆ ಅಂಕಿ ರಸೀದಿಯ ಮೇಲೆ ಬರಲಿ. ಬರುವುದು ಕಷ್ಟವೇನಲ್ಲ. ಊರಿಗೆ ಹೋಗುವ ರೈಲು ಟಿಕೆಟನ್ನು ತೆಗೆದು ನೋಡಿ. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇಕಡಾ 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತದೆ ಎಂದು 2016ರಿಂದ ಅದರ ಮೇಲೆ ಅಚ್ಚಾಗಿ ಬಂದಿದೆ. ದೇಶದ ತುಂಬ ಹರಡಿದ ರೈಲ್ವೆಗೆ ಆದದ್ದು ಒಂದು ಕಾಲೇಜಿಗೆ ಆಗದೇ? ಆದರೆ ಆ ಟಿಕೆಟ್ಟಿನಲ್ಲೂ ಅರ್ಧವೇ ಇದೆ. ಉಳಿದ 43 ಎಲ್ಲಿಂದ ಬಂತು ಎಂದು ಅದು ಹೇಳುವುದಿಲ್ಲ. ಅದರ ಒಂದು ದೊಡ್ಡ ಪಾಲು ಬರುವುದು ಕಲ್ಲಿದ್ದಲು, ಸಿಮೆಂಟು, ಧಾನ್ಯ ಸಾಗಿಸುವ ಗೂಡ್ಸ್ ರೈಲಿನ ದುಬಾರಿ ಬಾಡಿಗೆಯಿಂದ. ಕೊನೆಗೆ ಅದು ಸೇರುವುದು ರೈಲನ್ನೇ ಹತ್ತದವನ ಕರೆಂಟ್ ಬಿಲ್ಲಿಗೆ. ಇದನ್ನು ಹೇಳದೆ 57 ಎಂದಷ್ಟೇ ಅಚ್ಚು ಹಾಕಿದರೆ ಪ್ರಯಾಣಿಕನಿಗೆ ತಾನು ಯಾರದೋ ಹಂಗಿನಲ್ಲಿದ್ದೇನೆ ಎನ್ನಿಸುತ್ತದೆಯೇ ಹೊರತು ಯಾರ ಹಂಗು ಎಂಬುದು ತಿಳಿಯುವುದಿಲ್ಲ.

ಆದ್ದರಿಂದ ಕಾಲೇಜಿನ ರಸೀದಿಗೆ ಬೇಕಾದದ್ದು ಎರಡು ಸಾಲು. ಈ ವರ್ಷ ನಿಮ್ಮ ಮೇಲೆ ಆದ ಖರ್ಚು ಇಷ್ಟು. ನೀವು ಕೊಟ್ಟದ್ದನ್ನು ಬಿಟ್ಟು ಉಳಿದದ್ದನ್ನು ಕೊಟ್ಟವರು ಇಂಥವರು: ಸರ್ಕಾರ ಇಷ್ಟು, ದತ್ತಿ ಇಷ್ಟು, ಪಕ್ಕದ ಬೆಂಚಿನವರು ಇಷ್ಟು, ಪಾಠ ಹೇಳಿದವರು ಇಷ್ಟು. ಫೀಸು ಖರ್ಚಿಗಿಂತ ಹೆಚ್ಚಾಗಿದ್ದರೆ ಆ ಹೆಚ್ಚಿನದು ಎಲ್ಲಿಗೆ ಹೋಯಿತು ಎಂಬುದೂ ಇರಲಿ. ಅದನ್ನು ಓದಿದ ಹದಿನೆಂಟರ ಹುಡುಗಿ ಸಾಲಗಾರಳಂತೆ ತಲೆ ತಗ್ಗಿಸಬೇಕಿಲ್ಲ, ತನ್ನ ರ‍್ಯಾಂಕಿನಿಂದಲೇ ಎಲ್ಲ ಬಂತೆಂದು ತಲೆ ಎತ್ತಿ ನಡೆಯಬೇಕಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ನೋಟು ಎಣಿಸಿ ತಂದ ತಂದೆಗೂ, ಎಣಿಸಿ ಕೊಡುವ ಮುಂಚೆ, ಒಂದು ಮಾತು ಕೇಳುವ ಅವಕಾಶ ಸಿಗುತ್ತದೆ.